ಪ್ರಬಲ ಆಮ್ಲಗಳನ್ನು ಸಾರರಿಕ್ತಗೊಳಿಸುವುದು: ಹೊಸಪೇಟೆ–ಸಂಡೂರು ಸೀಮೆಯ ಪ್ರಯೋಗಾಲಯಗಳಲ್ಲಿ

ಬಾಟಲಿಯಲ್ಲಿ ಬರುವ ಸಾರೀಕೃತ ಆಮ್ಲವನ್ನು ನೀರಿನೊಂದಿಗೆ ಬೆರೆಸಿ ಪ್ರಯೋಗಕ್ಕೆ ತಕ್ಕ ಪ್ರಮಾಣಕ್ಕೆ ಇಳಿಸಿಕೊಳ್ಳುವ ಕೆಲಸವೇ ಸಾರರಿಕ್ತಗೊಳಿಸುವಿಕೆ. ಪಿಯುಸಿ ಪ್ರಯೋಗಾಲಯದಿಂದ ಉಕ್ಕಿನ ಕಾರ್ಖಾನೆಯ ಪರೀಕ್ಷಾಲಯದವರೆಗೆ ಇದು ದಿನಚರಿಯ ಕೆಲಸ. ಸಾಮಾನ್ಯವಾಗಿ ವಿದ್ಯಾರ್ಥಿಗಳು ಬರುವ ಮೊದಲೇ ಲ್ಯಾಬ್ ಅಟೆಂಡರ್ ಇದನ್ನು ಮುಗಿಸಿಟ್ಟಿರುತ್ತಾರೆ. ಹಾಗಾಗಿ ಪದವಿ ಮುಗಿಸಿದ ಎಷ್ಟೋ ಮಂದಿ ಸಾರೀಕೃತ ಸಲ್ಫ್ಯೂರಿಕ್ ಆಮ್ಲದ ಬಾಟಲಿಯನ್ನು ತಾವೇ ಬಗ್ಗಿಸಿ ನೀರಿಗೆ ಸುರಿದಿರುವುದಿಲ್ಲ. ‘ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರು ಹಾಕಬಾರದು’ ಎಂಬ ಸೂತ್ರ ಮಾತ್ರ ಎಲ್ಲರಿಗೂ ಬಾಯಿಪಾಠ. ಸೂತ್ರ ಸರಿಯೇ. ಆದರೆ ಅದು ಒಂದು ಶಾಖದ ಲೆಕ್ಕದ ಉತ್ತರ ಮಾತ್ರ. ಲೆಕ್ಕವನ್ನು ಬಿಟ್ಟು ಉತ್ತರವನ್ನಷ್ಟೇ ನೆನಪಿಟ್ಟುಕೊಂಡವರು ಸೂತ್ರವನ್ನು ಪಾಲಿಸಿಯೂ ಕೈ ಸುಟ್ಟುಕೊಳ್ಳುತ್ತಾರೆ.

ವಿಜಯನಗರ ಜಿಲ್ಲೆಯ ಹೊಸಪೇಟೆ, ಮರಿಯಮ್ಮನಹಳ್ಳಿ ಮತ್ತು ಬಳ್ಳಾರಿ ಜಿಲ್ಲೆಯ ಸಂಡೂರು, ಕಂಪ್ಲಿ ಸೀಮೆಯಲ್ಲಿ ಈ ವಿಷಯಕ್ಕೆ ಬೇರೆಡೆಗಿಂತ ಹೆಚ್ಚಿನ ತೂಕವಿದೆ. ಕಾರಣ ಕಬ್ಬಿಣದ ಅದಿರು. ರಾಬರ್ಟ್ ಬ್ರೂಸ್ ಫೂಟ್ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ಬಗ್ಗೆ ಬರೆದ ಗ್ರಂಥ 1895ರಲ್ಲಿ ಬಂತು. 1954ರಲ್ಲಿ ಸಂಡೂರು ಮ್ಯಾಂಗನೀಸ್ ಮತ್ತು ಕಬ್ಬಿಣ ಅದಿರು ಕಂಪನಿ ಸ್ಥಾಪನೆಯಾಯಿತು. 1977ರಲ್ಲಿ ಎನ್‌ಎಂಡಿಸಿಯ ದೋಣಿಮಲೈ ಗಣಿ ಆರಂಭವಾಯಿತು. 1994ರಲ್ಲಿ ತೋರಣಗಲ್ಲಿನ ಜಿಂದಾಲ್ ವಿಜಯನಗರ ಉಕ್ಕಿನ ಕಂಪನಿ ಹುಟ್ಟಿತು. ನಾಟಕದ ಊರೆಂದು ಹೆಸರಾದ ಮರಿಯಮ್ಮನಹಳ್ಳಿಯ ಬಳಿಯೂ ದಾನಾಪುರದ ಬಿಎಂಎಂ ಇಸ್ಪಾತ್ ಇದೆ. ಅದಿರಿನ ಬೆಲೆ ನಿಂತಿರುವುದು ಅದರಲ್ಲಿ ಕಬ್ಬಿಣ ಶೇಕಡ ಎಷ್ಟಿದೆ ಎಂಬುದರ ಮೇಲೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿ, ಮುಂದೆ ಅದಿರು ಇ-ಹರಾಜಿನಲ್ಲಿ ಮಾರಾಟವಾಗತೊಡಗಿದ ಮೇಲಂತೂ ಆ ಶೇಕಡಾವಾರು ಅಂಕಿ ದಾಖಲೆಯ ಮಾತಾಯಿತು. ಆ ಅಂಕಿ ಹುಟ್ಟುವುದು ಆಮ್ಲದಲ್ಲಿ.

ಬಾಟಲಿಯೊಳಗೆ ಏನಿದೆ

ಪ್ರಬಲ ಆಮ್ಲ ಎಂದರೆ ನೀರಿನಲ್ಲಿ ಹೆಚ್ಚುಕಡಿಮೆ ಪೂರ್ತಿಯಾಗಿ ಅಯಾನುಗಳಾಗಿ ಒಡೆಯುವ ಆಮ್ಲ. ಸಾರೀಕೃತ ಆಮ್ಲ ಎಂದರೆ ನೀರಿನ ಪಾಲು ಕಡಿಮೆಯಿರುವ ಆಮ್ಲ. ಎರಡೂ ಬೇರೆ ಬೇರೆ ಸಂಗತಿ. ಹೈಡ್ರೋಫ್ಲೋರಿಕ್ ಆಮ್ಲ ಲೆಕ್ಕದ ಪ್ರಕಾರ ದುರ್ಬಲ, ಆದರೆ ಅದಿರು ಪರೀಕ್ಷಾಲಯದ ಕಪಾಟಿನಲ್ಲಿ ಅದಕ್ಕಿಂತ ಅಪಾಯದ್ದು ಇನ್ನೊಂದಿಲ್ಲ.

ಮಾರುಕಟ್ಟೆಯ ಸಲ್ಫ್ಯೂರಿಕ್ ಆಮ್ಲ ತೂಕದಲ್ಲಿ ಶೇ. 98ರಷ್ಟು ಸಾರದ್ದು, ಸಾಂದ್ರತೆ 1.84, ಅಂದರೆ ಲೀಟರಿಗೆ ಸುಮಾರು 18 ಮೋಲ್. ಎರಡೂವರೆ ಲೀಟರಿನ ಬಾಟಲಿಯಲ್ಲಿ ಆಮ್ಲವೇ 4.6 ಕಿಲೋ ತೂಗುತ್ತದೆ. ಕೊರಳು ಹಿಡಿದು ಎತ್ತಬಾರದು ಎನ್ನುವುದು ಇದಕ್ಕೇ. ಹೈಡ್ರೋಕ್ಲೋರಿಕ್ ಆಮ್ಲ ಶೇ. 35ರಿಂದ 37, ಸಾಂದ್ರತೆ 1.18, ಲೀಟರಿಗೆ 11ರಿಂದ 12 ಮೋಲ್. ನೈಟ್ರಿಕ್ ಆಮ್ಲ ಶೇ. 69ರಿಂದ 70, ಸಾಂದ್ರತೆ 1.42, ಸುಮಾರು 16 ಮೋಲ್. ಫಾಸ್ಫಾರಿಕ್ ಆಮ್ಲ ಶೇ. 85, ಪಾಕದಂತೆ ಮಂದ. ಎಷ್ಟು ಆಮ್ಲ ತೆಗೆದುಕೊಳ್ಳಬೇಕೆಂಬ ಲೆಕ್ಕ ಸುಲಭ: ಮೊದಲಿನ ಸಾರ ಮತ್ತು ಗಾತ್ರದ ಗುಣಲಬ್ಧ, ಕೊನೆಯ ಸಾರ ಮತ್ತು ಗಾತ್ರದ ಗುಣಲಬ್ಧಕ್ಕೆ ಸಮ. 1 ನಾರ್ಮಲ್ ಸಲ್ಫ್ಯೂರಿಕ್ ಆಮ್ಲ ಒಂದು ಲೀಟರ್ ಬೇಕಿದ್ದರೆ ಬಾಟಲಿಯಿಂದ ಸುಮಾರು 28 ಮಿ.ಲೀ. ಸಾಕು, 1 ಮೋಲಾರ್ ಹೈಡ್ರೋಕ್ಲೋರಿಕ್‌ಗೆ ಸುಮಾರು 85 ಮಿ.ಲೀ. ಈ ಲೆಕ್ಕವನ್ನು ಎಲ್ಲ ಪಠ್ಯಗಳೂ ಕಲಿಸುತ್ತವೆ. ಶಾಖದ ಲೆಕ್ಕವನ್ನು ಕಲಿಸುವ ಪಠ್ಯಗಳು ಕಡಿಮೆ.

ಶಾಖದ ಲೆಕ್ಕ

ಒಂದು ಮೋಲ್, ಅಂದರೆ ಸುಮಾರು 54 ಮಿ.ಲೀ., ಸಲ್ಫ್ಯೂರಿಕ್ ಆಮ್ಲವನ್ನು ಒಂದು ಲೀಟರಿನ ಹತ್ತಿರದಷ್ಟು ನೀರಿಗೆ ಬೆರೆಸಿದಾಗ ಸುಮಾರು 73 ಕಿಲೋಜೂಲ್ ಶಾಖ ಹೊರಬೀಳುತ್ತದೆ. ಅಷ್ಟು ದ್ರಾವಣ ಅದರಿಂದ 15ರಿಂದ 20 ಡಿಗ್ರಿಯಷ್ಟು ಬಿಸಿಯಾಗುತ್ತದೆ. ಬೀಕರ್ ಮುಟ್ಟಿದರೆ ಬೆಚ್ಚಗಿರುತ್ತದೆ, ಅಷ್ಟೆ. ಅದೇ ಆಮ್ಲ ಮತ್ತು ನೀರನ್ನು ಸಮ ಗಾತ್ರದಲ್ಲಿ ಬೆರೆಸಿದರೆ ಕಥೆಯೇ ಬೇರೆ. ಪ್ರತಿ ಮಿ.ಲೀ. ಮಿಶ್ರಣದಲ್ಲಿ ಹುಟ್ಟುವ ಶಾಖ ಹೆಚ್ಚು, ಅದನ್ನು ಹೀರಬೇಕಾದ ನೀರು ಕಡಿಮೆ. ಮಿಶ್ರಣ 100 ಡಿಗ್ರಿಯನ್ನು ದಾಟಿಬಿಡುತ್ತದೆ.

ಸೂತ್ರದ ಹಿಂದಿನ ಕಾರಣವೂ ಇಲ್ಲೇ ಇದೆ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 4.18 ಜೂಲ್ ಬೇಕು. ಸಾರೀಕೃತ ಸಲ್ಫ್ಯೂರಿಕ್ ಆಮ್ಲಕ್ಕೆ ಸುಮಾರು 1.4 ಸಾಕು. ಶಾಖವನ್ನು ನುಂಗುವ ಶಕ್ತಿ ನೀರಿನದು. ಆಮ್ಲವನ್ನು ನೀರಿಗೆ ಸುರಿದಾಗ ಭಾರವಾದ ಆಮ್ಲ ತಳಕ್ಕಿಳಿಯುತ್ತ, ಹೋದ ದಾರಿಯಲ್ಲೆಲ್ಲ ಬೆರೆಯುತ್ತ ಸಾಗುತ್ತದೆ. ಹುಟ್ಟಿದ ಶಾಖ ಸುತ್ತಲಿನ ನೀರಿಗೆ ಹಂಚಿಹೋಗುತ್ತದೆ. ನೀರನ್ನು ಆಮ್ಲಕ್ಕೆ ಸುರಿದರೆ ಹಗುರವಾದ ನೀರು ಮೇಲೆಯೇ ತೇಲುತ್ತದೆ. ಎರಡೂ ಕೂಡುವ ತೆಳು ಪದರದಲ್ಲಿ ಶಾಖವೆಲ್ಲ ಹುಟ್ಟುತ್ತದೆ. ಅಲ್ಲಿರುವ ಒಂದಿಷ್ಟು ನೀರನ್ನು ಕುದಿಯುವ ಮಟ್ಟಕ್ಕೆ ತರಲು ಬೇಕಾದ್ದಕ್ಕಿಂತ ಅದು ಹಲವು ಪಟ್ಟು ಹೆಚ್ಚು. ಶೇ. 98ರ ಆಮ್ಲ ಕುದಿಯಬೇಕಾದರೆ 330 ಡಿಗ್ರಿಗೂ ಮೇಲೆ ಹೋಗಬೇಕು. ನೀರು 100ಕ್ಕೇ ಆವಿಯಾಗುತ್ತದೆ. ಆವಿಯಾದ ನೀರು ತನ್ನ ಗಾತ್ರದ ಸಾವಿರದ ಆರುನೂರು ಪಟ್ಟಿಗೂ ಮಿಗಿಲಾಗಿ ಹಿಗ್ಗಿ, ಸುತ್ತಲಿನ ಆಮ್ಲವನ್ನು ಎತ್ತಿ ಎರಚುತ್ತದೆ. ಮಿರ್ಚಿ ಕರಿಯುವ ಬಾಣಲೆಗೆ ನೀರು ಬಿದ್ದ ಹಾಗೆ ಎಂದು ಮೇಷ್ಟ್ರುಗಳು ಹೇಳುವುದುಂಟು. ಹೋಲಿಕೆ ಅರ್ಧ ಸರಿ. ಬಾಣಲೆಯ ಎಣ್ಣೆ ಮೊದಲೇ ಕಾದಿರುತ್ತದೆ, ನೋಡಿದವರಿಗೆ ಎಚ್ಚರ ಇರುತ್ತದೆ. ಆಮ್ಲದ ಬೀಕರ್ ತಣ್ಣಗಿರುತ್ತದೆ. ಕಾವು ಹುಟ್ಟುವುದೇ ನೀರು ಬಿದ್ದ ಮೇಲೆ.

ಆದರೆ ಲೆಕ್ಕ ಇಲ್ಲಿಗೇ ನಿಲ್ಲುವುದಿಲ್ಲ. ನೀರಿಗೇ ಆಮ್ಲ ಸುರಿದರೂ ಕಲಕದೆ ಒಮ್ಮೆಗೇ ಸುರಿದರೆ ಆಮ್ಲ ತಳದಲ್ಲಿ ಪದರವಾಗಿ ಕೂರುತ್ತದೆ. ಆಮೇಲೆ ಯಾರೋ ಗಾಜಿನ ಕಡ್ಡಿ ಆಡಿಸಿದಾಗ ಒಟ್ಟು ಶಾಖ ಒಂದೇ ಗಳಿಗೆಯಲ್ಲಿ ಹೊರಬರುತ್ತದೆ. ನೀರು ಮೊದಲೇ ಬಿಸಿಯಾಗಿದ್ದರೆ ತಡೆಯುವ ಅಂತರವೂ ಕುಗ್ಗುತ್ತದೆ. ಇದು ಹೊಸಪೇಟೆಯಂಥ ಊರಿನಲ್ಲಿ ಪುಸ್ತಕದ ಮಾತಲ್ಲ. ಏಪ್ರಿಲ್–ಮೇ ತಿಂಗಳಲ್ಲಿ ಇಲ್ಲಿ ಹಗಲಿನ ಉಷ್ಣಾಂಶ 40 ಡಿಗ್ರಿ ಮುಟ್ಟುತ್ತದೆ. ಚಾವಣಿಯ ಮೇಲಿನ ಕಪ್ಪು ಟ್ಯಾಂಕಿನ ನೀರು ಮಧ್ಯಾಹ್ನ ಕೈ ಇಡಲಾಗದಷ್ಟು ಕಾದಿರುತ್ತದೆ. ತಂಪು ದೇಶದ ಕೈಪಿಡಿಯಲ್ಲಿ 20 ಡಿಗ್ರಿಯ ನೀರಿಗೆಂದು ಬರೆದ ವಿಧಾನವನ್ನು ಆ ನೀರಿಗೆ ಹಾಗೆಹಾಗೇ ಅನ್ವಯಿಸಲಾಗದು.

ಅದಿರಿನ ಪರೀಕ್ಷೆಯಲ್ಲಿ

ಕಬ್ಬಿಣದ ಅದಿರಿನ ಸಾಂಪ್ರದಾಯಿಕ ಪರೀಕ್ಷೆಯನ್ನು ನೋಡಿದರೆ ಆಮ್ಲದ ಕೆಲಸ ಎಷ್ಟು ಬಗೆಯದೆಂದು ತಿಳಿಯುತ್ತದೆ. ಭಾರತೀಯ ಮಾನಕ ಐಎಸ್ 1493 ಕಬ್ಬಿಣದ ಅದಿರಿನ ರಾಸಾಯನಿಕ ವಿಶ್ಲೇಷಣೆಗೆ ಸಂಬಂಧಿಸಿದ್ದು. ಅದರ ಮೊದಲ ರೂಪ 1959ರದು. ನುಣ್ಣಗೆ ಅರೆದು 105 ಡಿಗ್ರಿಯಲ್ಲಿ ಒಣಗಿಸಿದ ಅದಿರಿನ ಪುಡಿಯಲ್ಲಿ ಒಂದು ಚಿಟಿಕೆಯಷ್ಟನ್ನು, ಎಂದರೆ 0.2ರಿಂದ 0.5 ಗ್ರಾಂ, ತೂಗಿ ಕೋನಿಕಲ್ ಫ್ಲಾಸ್ಕಿಗೆ ಹಾಕುತ್ತಾರೆ. ಸಾರೀಕೃತ ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿ ಹಾಟ್ ಪ್ಲೇಟಿನ ಮೇಲೆ ಕುದಿಯದಂತೆ ಕಾಯಿಸಿದರೆ ಕೆಂಪು ಹೆಮಟೈಟ್ ಕರಗಿ ದ್ರಾವಣ ಗಾಢ ಹಳದಿಗೆ ತಿರುಗುತ್ತದೆ. ಬಿಸಿಯಿರುವಾಗಲೇ ಸ್ಟ್ಯಾನಸ್ ಕ್ಲೋರೈಡನ್ನು ಹನಿಹನಿಯಾಗಿ ಬಿಟ್ಟರೆ ಹಳದಿ ಮಾಯವಾಗುತ್ತದೆ. ತಣಿಸಿ ಮರ್ಕ್ಯೂರಿಕ್ ಕ್ಲೋರೈಡ್ ಹಾಕಿದಾಗ ರೇಷ್ಮೆಯ ಹೊಳಪಿನ ಬಿಳಿ ಒತ್ತರ ಬರಬೇಕು. ಬೂದು ಬಣ್ಣ ಬಂದರೆ ಸ್ಟ್ಯಾನಸ್ ಹೆಚ್ಚಾಯಿತೆಂದು ಆ ಫ್ಲಾಸ್ಕನ್ನು ಕೈಬಿಡಬೇಕು. ಬಳಿಕ ಸಲ್ಫ್ಯೂರಿಕ್–ಫಾಸ್ಫಾರಿಕ್ ಆಮ್ಲಗಳ ಮಿಶ್ರಣ, ಸೂಚಕ, ಕೊನೆಗೆ ಬ್ಯೂರೆಟ್ಟಿನಿಂದ 0.1 ನಾರ್ಮಲ್ ಪೊಟ್ಯಾಸಿಯಂ ಡೈಕ್ರೋಮೇಟ್. ನೇರಳೆ ಬಣ್ಣ ನಿಂತ ಕಡೆ ಓದಬೇಕು. ಆ ದ್ರಾವಣದ ಪ್ರತಿ ಮಿ.ಲೀ. 5.585 ಮಿಲಿಗ್ರಾಂ ಕಬ್ಬಿಣಕ್ಕೆ ಸಮ. 0.2 ಗ್ರಾಂ ಅದಿರಿಗೆ 22.2 ಮಿ.ಲೀ. ಹಿಡಿಸಿದರೆ ಅದು ಶೇ. 62ರ ಅದಿರು.

ಇದರಲ್ಲಿ ಅಪಾಯ ಹೆಚ್ಚಿರುವ ಹೆಜ್ಜೆ ಫ್ಲಾಸ್ಕಿನ ಮುಂದೆ ನಡೆಯುವುದಲ್ಲ, ಬೆಳಿಗ್ಗೆ ಆಮ್ಲ ಮಿಶ್ರಣವನ್ನು ಸಿದ್ಧಪಡಿಸುವಾಗ ನಡೆಯುವುದು. ವಾಡಿಕೆಯ ಪ್ರಮಾಣ: 700 ಮಿ.ಲೀ. ನೀರಿಗೆ 150 ಮಿ.ಲೀ. ಸಲ್ಫ್ಯೂರಿಕ್ ಆಮ್ಲ, ಅದು ತಣಿದ ಮೇಲೆ 150 ಮಿ.ಲೀ. ಫಾಸ್ಫಾರಿಕ್ ಆಮ್ಲ. ಆ 150 ಮಿ.ಲೀ. ಸಲ್ಫ್ಯೂರಿಕ್ ಆಮ್ಲ ಸುಮಾರು 190 ಕಿಲೋಜೂಲ್ ಶಾಖ ಬಿಡುತ್ತದೆ. ಶಾಖ ಹೊರಹೋಗದೆ ಉಳಿದರೆ ಮಿಶ್ರಣ ಸುಮಾರು 60 ಡಿಗ್ರಿ ಮೇಲೇರುತ್ತದೆ. ಡಿಸೆಂಬರಿನ ಬೆಳಿಗ್ಗೆ 22 ಡಿಗ್ರಿಯ ನೀರಿನಲ್ಲಿ ಶುರುಮಾಡಿದರೆ 80ರ ಆಸುಪಾಸಿಗೆ ನಿಲ್ಲುತ್ತದೆ. ಮೇ ಮಧ್ಯಾಹ್ನ 40 ಡಿಗ್ರಿಯ ನೀರಿನಲ್ಲಿ ಶುರುಮಾಡಿದರೆ ನೂರರ ಅಂಚು. ಸೂತ್ರ ಪಾಲಿಸಿಯೂ, ನೀರಿಗೇ ಆಮ್ಲ ಹಾಕಿಯೂ, ಬೀಕರ್ ಕುದಿಯುವ ಅಂಚಿಗೆ ಬಂದು ನಿಲ್ಲುವುದು ಹೀಗೆ. ಮೂರು ನಾಲ್ಕು ಕಂತಿನಲ್ಲಿ ಸುರಿಯುವುದು, ಕಂತುಗಳ ನಡುವೆ ಬೀಕರನ್ನು ತಣ್ಣೀರಿನ ತಟ್ಟೆಯಲ್ಲಿಟ್ಟು ತಣಿಸುವುದು, ನೀರನ್ನು ಹಿಂದಿನ ಸಂಜೆಯೇ ಹಿಡಿದಿಟ್ಟು ತಂಪು ಮಾಡಿಕೊಳ್ಳುವುದು ಇವೇ ಪರಿಹಾರ. ಅವಸರವಿದ್ದಾಗ ಬೀಕರಿನೊಳಕ್ಕೇ ಮಂಜುಗಡ್ಡೆ ಹಾಕುವುದೂ ಉಂಟು. ಬಟ್ಟಿ ಇಳಿಸಿದ ನೀರಿನದೇ ಗಡ್ಡೆಯಾದರೆ, ಅದರ ತೂಕವನ್ನು ನೀರಿನ ಲೆಕ್ಕದಲ್ಲಿ ಸೇರಿಸಿಕೊಂಡಿದ್ದರೆ, ಇದು ತಪ್ಪೇನಲ್ಲ. ಕರಗುವ ಗಡ್ಡೆ ಗ್ರಾಮಿಗೆ 334 ಜೂಲ್ ನುಂಗುತ್ತದೆ. ಬೀದಿಯಿಂದ ತಂದ ಗಡ್ಡೆಯ ಜಾಗ ಹೊರಗಿನ ತಟ್ಟೆ ಮಾತ್ರ.

ಹೈಡ್ರೋಕ್ಲೋರಿಕ್ ಆಮ್ಲದ ತೊಂದರೆ ಶಾಖಕ್ಕಿಂತ ಹೊಗೆಯದು. ಶೇ. 37ರ ಆಮ್ಲದ ಬಾಟಲಿ ಬೇಸಿಗೆಯಲ್ಲಿ ಒಳಗೇ ಒತ್ತಡ ಕಟ್ಟಿಕೊಂಡಿರುತ್ತದೆ. ಮುಚ್ಚಳ ತಿರುಗಿಸಿದ ಕೂಡಲೇ ಬಿಳಿ ಹೊಗೆ ಮುಖಕ್ಕೆ ಬರುತ್ತದೆ. ಅದನ್ನು ತಂಪು ಜಾಗದಲ್ಲಿಟ್ಟು, ಫ್ಯೂಮ್ ಹುಡ್ ಒಳಗೆ, ಮುಖ ಆಚೆ ತಿರುಗಿಸಿ ತೆರೆಯಬೇಕು. ಸಮ ಗಾತ್ರದ ನೀರಿಗೆ ಬೆರೆಸಿ ಒಂದಕ್ಕೊಂದು ಮಾಡಿಟ್ಟರೆ ಅದು ಸುಮಾರು ಶೇ. 20ಕ್ಕೆ ಇಳಿಯುತ್ತದೆ, ಹೊಗೆ ಬಹುಮಟ್ಟಿಗೆ ನಿಲ್ಲುತ್ತದೆ. ಈ ಪ್ರಮಾಣದ ಆಮ್ಲ ಕುದಿಸಿದರೂ ಸಾರ ಬದಲಾಗದೆ 108–109 ಡಿಗ್ರಿಯಲ್ಲಿ ಒಂದೇ ಸಮ ಕುದಿಯುತ್ತದೆ. ಒಂದಕ್ಕೊಂದು ಆಮ್ಲದ ಬಾಟಲಿ ಮೇಜಿನ ಮೇಲಿದ್ದು, ಸಾರೀಕೃತದ ಬಾಟಲಿ ಫ್ಯೂಮ್ ಹುಡ್ಡಿನಲ್ಲೇ ಉಳಿಯುವ ಪರೀಕ್ಷಾಲಯದಲ್ಲಿ ತಕ್ಕಡಿಗಳು ಸಹ ಹೆಚ್ಚು ದಿನ ಬಾಳುತ್ತವೆ.

ಸಂಡೂರಿನ ಇನ್ನೊಂದು ಅದಿರು ಮ್ಯಾಂಗನೀಸ್. ಕಬ್ಬಿಣದ ಅದಿರಿಗೆ ರೂಢಿಯಾದ ಕೈ ಇಲ್ಲಿ ಮೋಸಹೋಗಬಹುದು. ಮ್ಯಾಂಗನೀಸ್ ಡೈಆಕ್ಸೈಡಿಗೆ ಸಾರೀಕೃತ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಕಾಯಿಸಿದರೆ ಹೊರಬರುವುದು ಕ್ಲೋರಿನ್ ಅನಿಲ. 1774ರಲ್ಲಿ ಸ್ವೀಡನ್ನಿನ ಕಾರ್ಲ್ ಶೀಲೆ ಕ್ಲೋರಿನ್ನನ್ನು ಮೊದಲು ಪಡೆದದ್ದು ಇದೇ ದಾರಿಯಲ್ಲಿ. ಶೀಲೆಗೆ ಅದು ಶೋಧ. ಮುಚ್ಚಿದ ಕೋಣೆಯಲ್ಲಿ ಹತ್ತು ಮಾದರಿಗಳನ್ನು ಒಟ್ಟಿಗೆ ಹಾಟ್ ಪ್ಲೇಟಿಗೆ ಏರಿಸಿದ ಕೆಮಿಸ್ಟಿಗೆ ಆಸ್ಪತ್ರೆ.

ಸಿಲಿಕಾ ಎಷ್ಟಿದೆಯೆಂದು ನೋಡುವಾಗ ಪ್ಲಾಟಿನಂ ಮೂಸೆಯಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಬಳಸುತ್ತಾರೆ. ಅದು ಗಾಜನ್ನೇ ತಿನ್ನುವುದರಿಂದ ಅಳೆಯುವುದು, ಬೆರೆಸುವುದು, ಇಡುವುದು ಎಲ್ಲ ಪ್ಲಾಸ್ಟಿಕ್ಕಿನಲ್ಲಿ. ಇದರ ತೆಳು ದ್ರಾವಣ ಚರ್ಮಕ್ಕೆ ತಾಗಿದಾಗ ಮೊದಲು ಉರಿಯೇ ಇರುವುದಿಲ್ಲ. ಗಂಟೆಗಳ ಮೇಲೆ ಒಳಗಿನಿಂದ ನೋವು ಶುರುವಾಗುತ್ತದೆ. ರಕ್ತದ ಕ್ಯಾಲ್ಸಿಯಂ ಕುಸಿದು ಹೃದಯಕ್ಕೂ ಅಪಾಯವಾಗಬಹುದು. ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಕಪಾಟಿನಲ್ಲಿ ಇಲ್ಲದಿದ್ದರೆ ಈ ಬಾಟಲಿಯ ಮುಚ್ಚಳ ತೆರೆಯಲೇಬಾರದು.

ಪಾತ್ರೆ, ಕೈ, ಕ್ರಮ

ಬೆರೆಸುವ ಪಾತ್ರೆ ಬೋರೋಸಿಲಿಕೇಟ್ ಗಾಜಿನ ಬೀಕರ್ ಆಗಿರಬೇಕು. ಒಟ್ಟು ದ್ರಾವಣದ ಒಂದೂವರೆ ಎರಡು ಪಟ್ಟು ದೊಡ್ಡದಿರಬೇಕು. ಅಳತೆಯ ಜಾಡಿಯಲ್ಲೇ ಬೆರೆಸುವುದು ಬಹಳ ಕಡೆ ಕಾಣುವ ಸೋಮಾರಿತನ. ದಪ್ಪ ತಳದ ಸಾಮಾನ್ಯ ಗಾಜು ಹಠಾತ್ ಕಾವಿಗೆ ಸೀಳಿ, ಬಿಸಿ ಆಮ್ಲವೆಲ್ಲ ಮೇಜಿಗೆ ಹರಿಯುತ್ತದೆ. ಅಳತೆಯ ಫ್ಲಾಸ್ಕಿನಲ್ಲಿ ಬೆರೆಸುವುದೂ ಸಲ್ಲ. ಅದರ ಕೊರಳಿನ ಗೆರೆ 20 ಡಿಗ್ರಿಗೆ, ಉಷ್ಣ ದೇಶಗಳ ಫ್ಲಾಸ್ಕಾದರೆ 27 ಡಿಗ್ರಿಗೆ, ಹೊಂದಿಸಿದ್ದು. ಬಿಸಿ ದ್ರಾವಣವನ್ನು ಗೆರೆಯವರೆಗೆ ತುಂಬಿಟ್ಟರೆ ತಣಿದ ಮೇಲೆ ಮಟ್ಟ ಕೆಳಗಿಳಿದಿರುತ್ತದೆ. ಬೀಕರಿನಲ್ಲಿ ಬೆರೆಸಿ, ಕೋಣೆಯ ಉಷ್ಣಾಂಶಕ್ಕೆ ತಣಿಸಿ, ಆಮೇಲೆ ಫ್ಲಾಸ್ಕಿಗೆ ವರ್ಗಾಯಿಸಿ, ಬೀಕರನ್ನು ಎರಡು ಮೂರು ಸಲ ತೊಳೆದ ನೀರನ್ನೂ ಸೇರಿಸಿ ಗೆರೆ ಮುಟ್ಟಿಸುವುದು ಸರಿಯಾದ ಕ್ರಮ.

ಬೇಕಾದ ಒಟ್ಟು ನೀರಿನಲ್ಲಿ ಮುಕ್ಕಾಲಿಗೂ ಹೆಚ್ಚು ಪಾಲನ್ನು ಮೊದಲೇ ಬೀಕರಿಗೆ ಹಾಕಿಕೊಳ್ಳುತ್ತಾರೆ. ಆಮ್ಲವನ್ನು ಬಾಟಲಿಯಿಂದ ನೇರವಾಗಿ ಬೀಕರಿಗೆ ಬಗ್ಗಿಸದೆ ಚಿಕ್ಕ ಬೀಕರಿಗೆ ತೆಗೆದುಕೊಂಡು, ಗಾಜಿನ ಕಡ್ಡಿಯ ಮೇಲಿಂದ ಅಥವಾ ಪಾತ್ರೆಯ ಒಳಗೋಡೆಗೆ ತಾಗಿಸಿ ಸಣ್ಣ ಧಾರೆಯಾಗಿ ಬಿಡುತ್ತಾರೆ, ಕಲಕುವುದನ್ನು ನಿಲ್ಲಿಸುವುದಿಲ್ಲ. ಹೊರಗೋಡೆಗೆ ಅಂಗೈ ತಾಗಿಸಿ ನೋಡುವ ಬದಲು ಥರ್ಮಾಮೀಟರ್ ಇಳಿಬಿಟ್ಟು, 60 ಡಿಗ್ರಿ ಮುಟ್ಟಿದ ಕೂಡಲೇ ಸುರಿಯುವುದನ್ನು ನಿಲ್ಲಿಸುವುದು ನಮ್ಮ ಹವೆಗೆ ಹೊಂದುವ ಪದ್ಧತಿ. ಉಳಿದ ಆಮ್ಲವನ್ನು ಬಾಟಲಿಗೆ ಹಿಂದಕ್ಕೆ ಸುರಿಯಬಾರದು. ಪಿಪೆಟ್ಟನ್ನು ಬಾಯಿಂದ ಎಳೆಯುವ ಹಳೆಯ ಚಾಳಿ ಇನ್ನೂ ಪೂರ್ತಿ ಹೋಗಿಲ್ಲ. ಆಮ್ಲಕ್ಕೆ ರಬ್ಬರ್ ಬಲ್ಬ್ ಬಿಟ್ಟರೆ ಬೇರೆ ದಾರಿ ಇಲ್ಲ.

ಕಣ್ಣಿಗೆ ಪಕ್ಕಗಳೂ ಮುಚ್ಚುವ ಗಾಗಲ್ಸ್, ದೊಡ್ಡ ಪ್ರಮಾಣವಾದರೆ ಅದರ ಮೇಲೆ ಮುಖಕವಚ. ತೆಳು ನೈಟ್ರೈಲ್ ಕೈಗವಸು ಸಾರರಿಕ್ತ ಆಮ್ಲಕ್ಕೆ ಸಾಕು, ಶೇ. 98ರ ಸಲ್ಫ್ಯೂರಿಕ್ ಆಮ್ಲ ಅದನ್ನು ಬೇಗ ಕೆಡಿಸುತ್ತದೆ, ನಿಯೋಪ್ರೀನ್ ಅಥವಾ ಬ್ಯೂಟೈಲ್ ರಬ್ಬರಿನದು ಬೇಕು. ಗೌನಿನ ತೋಳು ಕೈಗವಸಿನ ಮೇಲೆ ಬರಬೇಕೋ ಒಳಗೆ ಹೋಗಬೇಕೋ ಎಂಬ ಜಗಳಕ್ಕೆ ಉತ್ತರ ಹರಿಯುವ ದಿಕ್ಕಿನಲ್ಲಿದೆ: ಕೈ ಇಳಿಬಿಟ್ಟು ಕೆಲಸ ಮಾಡುವಾಗ ತೋಳು ಮೇಲಿದ್ದರೆ ಹನಿ ಕೈಗವಸಿನೊಳಕ್ಕೆ ಇಳಿಯುವುದಿಲ್ಲ.

ಸೂತ್ರ ತಿರುಗುಮುರುಗಾಗುವ ಕಡೆ

ಕೆಲವು ಒಳ್ಳೆಯ, ಒಪ್ಪಿತ ವಿಧಾನಗಳು ಆಮ್ಲಕ್ಕೇ ನೀರನ್ನು ಸೇರಿಸುತ್ತವೆ. ಅವನ್ನು ಅಪವಾದ ಎನ್ನುವುದಕ್ಕಿಂತ, ಅದೇ ಲೆಕ್ಕದ ಬೇರೆ ಉತ್ತರಗಳು ಎನ್ನುವುದು ಸರಿ.

ತುಂಗಭದ್ರಾ ಅಚ್ಚುಕಟ್ಟಿನ ಕಂಪ್ಲಿ, ಗಂಗಾವತಿ, ಸಿರುಗುಪ್ಪದ ಭತ್ತದ ಗದ್ದೆಗಳ ಮಣ್ಣು ಪ್ರಯೋಗಾಲಯಕ್ಕೆ ಬಂದಾಗ ಸಾವಯವ ಇಂಗಾಲವನ್ನು ನೋಡುವ ರೂಢಿಯ ವಿಧಾನ ವಾಕ್ಲಿ ಮತ್ತು ಬ್ಲ್ಯಾಕ್ 1934ರಲ್ಲಿ ಪ್ರಕಟಿಸಿದ್ದು. ಒಂದು ಗ್ರಾಂ ಮಣ್ಣಿಗೆ 10 ಮಿ.ಲೀ. 1 ನಾರ್ಮಲ್ ಡೈಕ್ರೋಮೇಟ್ ದ್ರಾವಣ, ಅದರ ಮೇಲೆ 20 ಮಿ.ಲೀ. ಸಾರೀಕೃತ ಸಲ್ಫ್ಯೂರಿಕ್ ಆಮ್ಲವನ್ನು ಬೇಗನೆ ಸುರಿಯುತ್ತಾರೆ. ಇಲ್ಲಿ ಒಲೆಯಿಲ್ಲ, ಆಮ್ಲ ನೀರಿಗೆ ಬೆರೆತ ಕಾವೇ ಮಿಶ್ರಣವನ್ನು 120 ಡಿಗ್ರಿಯ ಆಸುಪಾಸಿಗೆ ಏರಿಸಿ ಇಂಗಾಲವನ್ನು ಉತ್ಕರ್ಷಿಸುತ್ತದೆ. ಬೇರೆಡೆ ಅಪಾಯವೆನಿಸಿದ ಶಾಖ ಇಲ್ಲಿ ಕೂಲಿಯಾಳು. ಆ ಕಾವು ಎಲ್ಲ ಇಂಗಾಲವನ್ನೂ ಸುಡಲಾರದು, ಸರಾಸರಿ ಶೇ. 77ನ್ನು ಮಾತ್ರ, ಅದಕ್ಕೇ ಉತ್ತರವನ್ನು ಸುಮಾರು 1.3ರಿಂದ ಗುಣಿಸುತ್ತಾರೆ. ಅರ್ಧ ಗಂಟೆಯ ನಂತರ ಅದೇ ಫ್ಲಾಸ್ಕಿಗೆ 200 ಮಿ.ಲೀ. ನೀರು ಸುರಿಯುತ್ತಾರೆ, ಅಂದರೆ ಆಮ್ಲಕ್ಕೆ ನೀರು. ಆದರೆ ಆ ಹೊತ್ತಿಗೆ ಆಮ್ಲ ಒಮ್ಮೆ ಸಾರ ಕಳೆದುಕೊಂಡಿದೆ, ಅದರ ಗಾತ್ರ ಬರೀ 30 ಮಿ.ಲೀ., ಬರುವ ನೀರು ಅದರ ಆರೇಳು ಪಟ್ಟು. ಶಾಖಕ್ಕೆ ಹೋಗಲು ಜಾಗವಿದೆ. ಇದೇ ಕೆಲಸವನ್ನು ಬಕೆಟ್ ಗಾತ್ರದಲ್ಲಿ ಮಾಡಿದರೆ ಆಸ್ಪತ್ರೆಯೇ ಗತಿ.

ಹಾಲಿನ ಕೊಬ್ಬನ್ನು ಅಳೆಯುವ ಗರ್ಬರ್ ಪರೀಕ್ಷೆ ಇನ್ನೊಂದು. ಸ್ವಿಟ್ಜರ್ಲೆಂಡಿನ ನಿಕ್ಲಾಸ್ ಗರ್ಬರ್ 1891ರಲ್ಲಿ ರೂಪಿಸಿದ್ದು. ಬ್ಯುಟಿರೋಮೀಟರ್ ಎಂಬ ಗಾಜಿನ ಕೊಳವೆಯ ತಳಕ್ಕೆ 10 ಮಿ.ಲೀ. ಸಲ್ಫ್ಯೂರಿಕ್ ಆಮ್ಲ, ಅದರ ಮೇಲೆ 10.75 ಮಿ.ಲೀ. ಹಾಲು, ಬಳಿಕ 1 ಮಿ.ಲೀ. ಅಮೈಲ್ ಆಲ್ಕೋಹಾಲ್. ಹಾಲಿನ ಬಹುಪಾಲು ನೀರೇ. ಆದರೆ ಅದನ್ನು ಗೋಡೆಗುಂಟ ನಿಧಾನವಾಗಿ ಇಳಿಸಿ ಪದರವಾಗಿ ನಿಲ್ಲಿಸುತ್ತಾರೆ. ಬಿರಡೆ ಭದ್ರಪಡಿಸಿ, ಬಟ್ಟೆ ಸುತ್ತಿ, ಆಮೇಲಷ್ಟೇ ಅಲುಗಾಡಿಸುತ್ತಾರೆ. ಆಮ್ಲವೂ ಶೇ. 98ರದಲ್ಲ, 90–91ರದು. ಅದನ್ನು 98ರಿಂದ ಇಳಿಸಿಕೊಳ್ಳುವುದೇ ದೊಡ್ಡ ತಲೆನೋವು: ಒಂದು ಲೀಟರ್ ಆಮ್ಲಕ್ಕೆ ಬೇಕಾದ ನೀರು ಸುಮಾರು 150 ಮಿ.ಲೀ. ಮಾತ್ರ. ಅಷ್ಟೇ ನೀರಿಗೆ ಲೀಟರ್ ಆಮ್ಲ ಸುರಿಯುವಾಗ ಮೊದಮೊದಲ ಕಂತುಗಳಲ್ಲೇ ಅದು ಕುದಿಯುವ ಹಂತಕ್ಕೆ ಹೋಗುತ್ತದೆ. ಸಿದ್ಧ ಗರ್ಬರ್ ಆಮ್ಲವನ್ನೇ ಕೊಳ್ಳುವುದು ಜಾಣತನ.

ಅದಿರು ಪರೀಕ್ಷೆಯ ಸ್ಟ್ಯಾನಸ್ ಕ್ಲೋರೈಡ್ ದ್ರಾವಣದಲ್ಲೂ ಹರಳನ್ನು ಮೊದಲು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ ನಂತರ ನೀರು ಸೇರಿಸುತ್ತಾರೆ. ಮೊದಲೇ ನೀರಿಗೆ ಹಾಕಿದರೆ ಹಾಲಿನಂತೆ ಕದಡುತ್ತದೆ. ಹೈಡ್ರೋಕ್ಲೋರಿಕ್ ಆಮ್ಲದ ಶಾಖ ಕಡಿಮೆಯಾದ್ದರಿಂದ ಇದು ನಡೆಯುತ್ತದೆ.

ಪ್ರಯೋಗಾಲಯದ ಹೊರಗೆ

ರಾಷ್ಟ್ರೀಯ ಹೆದ್ದಾರಿ 50ರ ಉದ್ದಕ್ಕೂ ಲಾರಿಗಳ ಊರುಗಳು, ಲಾರಿ ಇದ್ದಲ್ಲಿ ಬ್ಯಾಟರಿ ಅಂಗಡಿ. ಬ್ಯಾಟರಿಯ ಆಮ್ಲ 1.25ರಿಂದ 1.28 ಸಾಂದ್ರತೆಯ ಸಲ್ಫ್ಯೂರಿಕ್ ಆಮ್ಲ. ಸೆಕೆಯ ಊರುಗಳಲ್ಲಿ ಇನ್ನೂ ತುಸು ತೆಳುವಾಗಿ ಇಡುವುದುಂಟು. ಸಿದ್ಧ ಆಮ್ಲ ಸಿಗುವಾಗ ಅಂಗಡಿಯಲ್ಲಿ ಕುಳಿತು 1.84ರ ಆಮ್ಲವನ್ನು ಬಕೆಟಿನಲ್ಲಿ ಇಳಿಸುವುದಕ್ಕೆ ಅರ್ಥವಿಲ್ಲ. ತೋರಣಗಲ್ಲಿನಲ್ಲಿ ಉಕ್ಕಿನ ಹಾಳೆಯ ಮೇಲಿನ ಆಕ್ಸೈಡ್ ಪೊರೆಯನ್ನು ತೆಗೆಯುವ ಪಿಕ್ಲಿಂಗ್ ಘಟಕದ ಲೆಕ್ಕವೇ ಬೇರೆ. ಅಲ್ಲಿ ಆಮ್ಲ ಹರಿಯುವುದು ಕೊಳವೆಗಳಲ್ಲಿ, ಮನುಷ್ಯನ ಕೈ ನಡುವೆ ಬರುವುದು ಕಡಿಮೆ. ಮನೆಗಳಲ್ಲಿ ‘ಆಸಿಡ್’ ಎಂದು ಮಾರುವ ಹಳದಿ ದ್ರವ ಕಚ್ಚಾ ಹೈಡ್ರೋಕ್ಲೋರಿಕ್ ಆಮ್ಲ. ಬ್ಲೀಚಿಂಗ್ ಪೌಡರ್ ಚೆಲ್ಲಿದ ಬಚ್ಚಲಿಗೆ ಅದನ್ನು ಸುರಿದರೆ ಮತ್ತೆ ಶೀಲೆಯ ಕ್ಲೋರಿನ್. ಭೂವಿಜ್ಞಾನದ ವಿದ್ಯಾರ್ಥಿಗಳು ಸುಣ್ಣಕಲ್ಲನ್ನು ಗುರುತಿಸಲು ಜೇಬಿನಲ್ಲಿ ಒಯ್ಯುವುದು ಒಂದು ಪಾಲು ಆಮ್ಲಕ್ಕೆ ಮೂರು ಪಾಲು ನೀರಿನ ಸುಮಾರು ಶೇ. 10ರ ದ್ರಾವಣ. ಸಂಡೂರಿನ ಬೆಟ್ಟದಲ್ಲಿ ಅದು ಉಪಕರಣ; ಹಂಪಿಯ ಗಾರೆ ಕೆಲಸದ ಗೋಪುರಗಳ ಬಳಿ ಅದರ ಮುಚ್ಚಳ ತೆರೆಯಬಾರದು, ಗಾರೆಯೂ ಸುಣ್ಣವೇ.

ಮೈಮೇಲೆ ಬಿದ್ದರೆ, ನೆಲಕ್ಕೆ ಚೆಲ್ಲಿದರೆ

ಹಳೆಯ ಪ್ರಯೋಗ ಪುಸ್ತಕಗಳಲ್ಲಿ, ಸಾರೀಕೃತ ಸಲ್ಫ್ಯೂರಿಕ್ ಆಮ್ಲ ಚರ್ಮಕ್ಕೆ ಬಿದ್ದರೆ ಮೊದಲು ಒಣ ಬಟ್ಟೆಯಿಂದ ಒರೆಸಿ ಆಮೇಲೆ ತೊಳೆಯಿರಿ ಎಂದಿರುತ್ತಿತ್ತು. ಅದರ ಹಿಂದಿನ ಕಾಳಜಿ ಶಾಖದ್ದೇ. ಈಗಿನ ಸಲಹೆ ಬೇರೆ: ಬಟ್ಟೆ ಹುಡುಕುತ್ತ ಕಳೆಯುವ ಕ್ಷಣಗಳಲ್ಲಿ ಆಮ್ಲ ಆಳಕ್ಕಿಳಿಯುತ್ತದೆ, ಆದ್ದರಿಂದ ತಕ್ಷಣ ಹರಿಯುವ ನೀರು, ಧಾರಾಳವಾಗಿ. ಒಂದು ಬೊಗಸೆ ನೀರು ಕಾವು ಹುಟ್ಟಿಸುತ್ತದೆ, ನಲ್ಲಿಯ ಪೂರ್ತಿ ಧಾರೆ ಆಮ್ಲವನ್ನೂ ಕಾವನ್ನೂ ಒಟ್ಟಿಗೆ ಕೊಚ್ಚಿಕೊಂಡು ಹೋಗುತ್ತದೆ. ಆಮ್ಲ ತಾಗಿದ ಬಟ್ಟೆಯನ್ನು ಸಂಕೋಚ ಬಿಟ್ಟು ಕಳಚಬೇಕು. ಕಣ್ಣಾದರೆ ರೆಪ್ಪೆ ಬಿಡಿಸಿ ಹಿಡಿದು 15ರಿಂದ 20 ನಿಮಿಷ ತೊಳೆದು ಆಸ್ಪತ್ರೆಗೆ. ಚರ್ಮದ ಮೇಲೆ ಸೋಡಾ ಸುರಿದು ತಟಸ್ಥಗೊಳಿಸುವ ಪ್ರಯತ್ನ ಬೇಡ. ಆ ಕ್ರಿಯೆಯೂ ಶಾಖ ಹೊಮ್ಮಿಸುತ್ತದೆ.

ನೆಲದ ಮೇಲಿನ ಆಮ್ಲಕ್ಕೆ ಮಾತ್ರ ಸೋಡಾ ಅಥವಾ ಸುಣ್ಣದ ಪುಡಿ ಸರಿ. ಮೊದಲು ಮರಳಿನ ಕಟ್ಟೆ, ನಂತರ ಅಂಚಿನಿಂದ ಒಳಮುಖವಾಗಿ ಪುಡಿ. ಮರದ ಹೊಟ್ಟನ್ನು ಬಳಸಬಾರದು, ನೈಟ್ರಿಕ್ ಆಮ್ಲಕ್ಕೆ ಅದು ಹೊತ್ತಿಕೊಳ್ಳಬಹುದು.

ಆಮ್ಲದ ಹಾದಿ, ಕಾನೂನು

ಖನಿಜ ಆಮ್ಲಗಳು ನಮ್ಮಲ್ಲಿ ಹೊಸತಲ್ಲ. ರಸಶಾಸ್ತ್ರದ ಗ್ರಂಥಗಳಲ್ಲಿ ಲವಣಗಳನ್ನೂ ಪಟಿಕವನ್ನೂ ಬಟ್ಟಿ ಇಳಿಸಿ ಪಡೆಯುವ ಶಂಖದ್ರಾವದ ವಿಧಾನಗಳಿವೆ. ಶಂಖವನ್ನೇ ಕರಗಿಸುವುದರಿಂದ ಆ ಹೆಸರು. ಕೈಗಾರಿಕೆಯ ಮಟ್ಟದ ಸಲ್ಫ್ಯೂರಿಕ್ ಆಮ್ಲ 1746ರಲ್ಲಿ ಬರ್ಮಿಂಗ್‌ಹ್ಯಾಮಿನ ಜಾನ್ ರೋಬಕ್ ಕಟ್ಟಿದ ಸೀಸದ ಕೋಣೆಗಳಿಂದ ಶುರುವಾಗುತ್ತದೆ. ಈಗಿನ ಸಂಪರ್ಕ ವಿಧಾನದಲ್ಲಿ ಗಂಧಕದ ಟ್ರೈಆಕ್ಸೈಡನ್ನು ನೇರ ನೀರಿಗೆ ಹಾಯಿಸುವುದಿಲ್ಲ, ಶೇ. 98ರ ಆಮ್ಲಕ್ಕೆ ಹಾಯಿಸುತ್ತಾರೆ. ನೀರಾದರೆ ಕಾವಿಗೆ ಎಲ್ಲವೂ ಹಿಡಿತಕ್ಕೆ ಸಿಗದ ಮಂಜಾಗುತ್ತದೆ. 1985ರ ಡಿಸೆಂಬರಿನಲ್ಲಿ ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ, ಎಂದರೆ ಆ ಟ್ರೈಆಕ್ಸೈಡ್ ಕರಗಿದ ಸಲ್ಫ್ಯೂರಿಕ್ ಆಮ್ಲ, ಸೋರಿದಾಗ ಜನ ಕಂಡದ್ದು ಅಂಥ ಮಂಜನ್ನೇ. ಆ ಪ್ರಕರಣದಿಂದ ಸುಪ್ರೀಂ ಕೋರ್ಟಿನ ಸಂಪೂರ್ಣ ಹೊಣೆಗಾರಿಕೆಯ ತತ್ವ ಹುಟ್ಟಿತು.

ಪ್ರಯೋಗಾಲಯಗಳಿಗೆ ಇನ್ನೂ ಹತ್ತಿರದ ಆದೇಶ 2013ರ ಜುಲೈ 18ರದು. ಆಸಿಡ್ ದಾಳಿಗಳ ವಿರುದ್ಧದ ಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕೊಳ್ಳುವವರ ಗುರುತು ಮತ್ತು ವಿಳಾಸ ದಾಖಲಿಸದೆ ಆಮ್ಲ ಮಾರಬಾರದು, 18 ವರ್ಷದೊಳಗಿನವರಿಗೆ ಮಾರಲೇಬಾರದು ಎಂದಿತು. ಶಾಲೆ ಕಾಲೇಜು, ಸಂಶೋಧನಾಲಯ, ಆಸ್ಪತ್ರೆಗಳು ಬಳಕೆಯ ಪುಸ್ತಕ ಇಟ್ಟು ಉಪವಿಭಾಗ ದಂಡಾಧಿಕಾರಿಗೆ ಸಲ್ಲಿಸಬೇಕು. ಆಮ್ಲದ ಹೊಣೆಗೆ ಒಬ್ಬರನ್ನು ಗೊತ್ತುಪಡಿಸಬೇಕು. ಪ್ರಯೋಗಾಲಯದಿಂದ ಹೊರಹೋಗುವವರನ್ನು ತಪಾಸಣೆ ಮಾಡಬೇಕು. ಸಾರೀಕೃತ ಆಮ್ಲವನ್ನು ಬೀಗದ ಕಪಾಟಿನಲ್ಲಿಟ್ಟು, ತರಗತಿಗೆ ಇಳಿಸಿದ ದ್ರಾವಣವನ್ನಷ್ಟೇ ಹೊರತರುವ ಪದ್ಧತಿ ಈ ಆದೇಶಕ್ಕೂ ಹೊಂದುತ್ತದೆ. ಕಪಾಟಿನೊಳಗೂ ನೈಟ್ರಿಕ್ ಆಮ್ಲ ಸ್ಪಿರಿಟ್, ಅಸಿಟೋನುಗಳಿಂದ ದೂರವಿರಬೇಕು. ಹೈಡ್ರೋಕ್ಲೋರಿಕ್ ಆಮ್ಲ ಅಮೋನಿಯದ ನೆರೆಯಲ್ಲಿರಬಾರದು.

ಕೆಲಸ ಮುಗಿದ ಆಮ್ಲ

ಉಳಿದ ಆಮ್ಲವನ್ನು ಸಿಂಕಿಗೆ ಸುರಿದು ನಲ್ಲಿ ಬಿಟ್ಟರೆ ಆಯಿತು ಎಂಬ ನಂಬಿಕೆ ವ್ಯಾಪಕ. ಪಿಎಚ್ ಒಂದು ಅಂಕಿ ಏರಬೇಕಾದರೆ ನೀರು ಹತ್ತು ಪಟ್ಟಾಗಬೇಕು. ನದಿ ಕೆರೆಗೆ ಬಿಡುವ ನೀರಿನ ಪಿಎಚ್ 5.5ರಿಂದ 9ರ ಒಳಗಿರಬೇಕೆಂದು ನಿಯಮ. 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲ ಒಂದು ಲೀಟರನ್ನು ನೀರಿನಿಂದಲೇ 5.5ಕ್ಕೆ ತರಲು ಸುಮಾರು 3 ಲಕ್ಷ ಲೀಟರ್ ಬೇಕು. ಅರಳಿದ ಸುಣ್ಣವಾದರೆ 37 ಗ್ರಾಂ ಸಾಕು. ಆದರೆ ಅದಿರು ಪರೀಕ್ಷೆಯ ತ್ಯಾಜ್ಯಕ್ಕೆ ಸುಣ್ಣವೊಂದೇ ಉತ್ತರವಲ್ಲ. ಅದರಲ್ಲಿ ಪಾದರಸವೂ ಕ್ರೋಮಿಯಮ್ಮೂ ಇವೆ. ಅದನ್ನು ಬೇರೆ ಕ್ಯಾನಿನಲ್ಲಿ ಸಂಗ್ರಹಿಸಿ ಅಪಾಯಕಾರಿ ತ್ಯಾಜ್ಯದ ಅಧಿಕೃತ ನಿರ್ವಾಹಕರಿಗೆ ಕೊಡಬೇಕು. ಪಾದರಸವನ್ನು ತಪ್ಪಿಸಲು ಟೈಟಾನಿಯಂ ಕ್ಲೋರೈಡ್ ಬಳಸುವ ವಿಧಾನವೂ ಅಂತರರಾಷ್ಟ್ರೀಯ ಮಾನಕದಲ್ಲಿದೆ. ದೊಡ್ಡ ಕಾರ್ಖಾನೆಗಳು ದಿನನಿತ್ಯದ ಮಾದರಿಗಳನ್ನು ಎಕ್ಸ್–ಕಿರಣ ಪ್ರತಿದೀಪ್ತಿ ಯಂತ್ರಕ್ಕೆ ಒಪ್ಪಿಸಿವೆ. ಆ ಯಂತ್ರದ ಅಂಕಿಗಳನ್ನು ತಾಳೆ ನೋಡಲು, ಕೊಟ್ಟವನಿಗೂ ಕೊಂಡವನಿಗೂ ಶೇಕಡಾವಾರಿನಲ್ಲಿ ತಕರಾರು ಬಂದಾಗ ತೀರ್ಮಾನಿಸಲು, ಇಂದಿಗೂ ಆಮ್ಲದ ಫ್ಲಾಸ್ಕೇ ಬೇಕು.